ಅಂಪೈರ್ ಬೆರಳು ಮುರಿದರೆ ಯಾವ ಸೆಕ್ಷನ್?

ಈ ಸಲದ ಅಂಚೆಯಲ್ಲಿ ಜಮೀನು ಭಾಗ, ಜೀವನಾಂಶ, ಚೆಕ್ ಬೌನ್ಸ್ ಪ್ರಶ್ನೆಗಳ ನಡುವೆ ಒಂದೇ ಜಾತಿಯ ಏಳು ಪತ್ರ ಸಿಕ್ಕವು. ಎಲ್ಲವೂ ಅಂಪೈರ್, ರೆಫರಿಗಳ ಮೇಲೆ ಕೈ ಮಾಡಿದ ವಿಷಯ. ಭತ್ತ ಕೊಯ್ದು ಗದ್ದೆ ಖಾಲಿ ಆಯಿತೆಂದರೆ ನಮ್ಮ ಕಡೆ ಟೂರ್ನಮೆಂಟು ಶುರು, ಟೂರ್ನಮೆಂಟು ಶುರುವಾದರೆ ಜಗಳವೂ ಶುರು. ಉಳಿದ ಪ್ರಶ್ನೆಗಳನ್ನು ಮುಂದಿನ ತಿಂಗಳಿಗೆ ಎತ್ತಿಟ್ಟಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಬಳ್ಳಾರಿ ಕೋರ್ಟಿಗೆ ಕರಿಕೋಟು ಹಾಕಿಕೊಂಡು ಹೋಗುವ ಮೊದಲಿನಿಂದಲೂ ನಾನು ಹಳ್ಳಿ ಹಳ್ಳಿಗೆ ಅಂಪೈರ್ ಆಗಿ ಹೋಗುತ್ತಿದ್ದೆ. ಹಾಗಾಗಿ ಈ ಉತ್ತರಗಳಲ್ಲಿ ವಕೀಲನ ಜೊತೆ ಪೆಟ್ಟು ತಿಂದವನೂ ಮಾತಾಡುತ್ತಾನೆ. ಸ್ವಲ್ಪ ಸಹಿಸಿಕೊಳ್ಳಿ.

ಪ್ರಶ್ನೆ: ನಾನು ಬಿ.ಕಾಂ. ಓದುತ್ತಾ ಟೆನಿಸ್ ಬಾಲ್ ಕ್ರಿಕೆಟ್‌ಗೆ ಅಂಪೈರ್ ಆಗಿ ಹೋಗುತ್ತೇನೆ. ದಿನಕ್ಕೆ 600 ರೂಪಾಯಿ, ಊಟ ಕೊಡುತ್ತಾರೆ. ಹತ್ತು ದಿನದ ಹಿಂದೆ ಕೊನೆ ಓವರ್‌ನಲ್ಲಿ ನೋ ಬಾಲ್ ಕೊಟ್ಟೆ. ಸೋತ ತಂಡದ ಐದಾರು ಜನ ಸುತ್ತುವರಿದು ಅರ್ಧ ಗಂಟೆ ಬಿಡಲಿಲ್ಲ. ಒಬ್ಬ ಕಪಾಳಕ್ಕೆ ಹೊಡೆದ. ಈಗಲೂ ಎಡಗಿವಿ ಗುಂಯ್ ಅನ್ನುತ್ತದೆ. ಠಾಣೆಗೆ ಹೋದರೆ ‘ಇದು ಎನ್‌ಸಿ ಆಗುತ್ತೆ, ರಾಜಿ ಮಾಡ್ಕೊಳ್ಳಿ’ ಎಂದರು. ಕೇಸ್ ಹಾಕಿದರೆ ಮುಂದೆ ಯಾರೂ ಮ್ಯಾಚಿಗೆ ಕರೆಯುವುದಿಲ್ಲ ಎಂದು ಆಯೋಜಕರು ಹೆದರಿಸುತ್ತಿದ್ದಾರೆ. ಏನು ಮಾಡಲಿ?
— ಹೆಸರು ಬೇಡ, ಕಾರಟಗಿ

ತಮ್ಮಾ, ಈ ಪುಟ ಪಕ್ಕಕ್ಕಿಟ್ಟು ಮೊದಲು ಕಿವಿ ತೋರಿಸು. ಗಂಗಾವತಿಯ ಸರ್ಕಾರಿ ಆಸ್ಪತ್ರೆಗೆ ಹೋಗಿ, ಹೊಡೆದದ್ದರಿಂದ ಹೀಗಾಯಿತು ಎಂದು ಸ್ಪಷ್ಟವಾಗಿ ಹೇಳು. ಆಗ ಅವರು ಅದನ್ನು ಎಂಎಲ್‌ಸಿ, ಅಂದರೆ ಪೊಲೀಸರಿಗೆ ತಿಳಿಸಬೇಕಾದ ಪ್ರಕರಣ ಎಂದು ಬರೆದುಕೊಳ್ಳುತ್ತಾರೆ. ‘ಬಿದ್ದೆ’ ಎಂದು ಮಾತ್ರ ಹೇಳಬೇಡ. ಆ ಒಂದು ಸುಳ್ಳು ಮುಂದೆ ನಿನ್ನ ಕೇಸನ್ನೇ ತಿನ್ನುತ್ತದೆ. ಕಪಾಳದ ಏಟಿಗೆ ಕಿವಿತಮಟೆ ಹರಿಯುವುದುಂಟು. ಸುಮಾರು ಸಲ ತಾನಾಗಿ ಕೂಡಿಕೊಳ್ಳುತ್ತದೆ, ಕೆಲವೊಮ್ಮೆ ಇಲ್ಲ. ಕೇಳುವ ಶಕ್ತಿಯ ಪರೀಕ್ಷೆ ಮಾಡಿಸಿ ಕಾಗದ ಇಟ್ಟುಕೋ.

ಆ ಕಾಗದದ ಬೆಲೆ ಏನು ಅಂತೀಯಾ? 2024ರ ಜುಲೈ 1ರಿಂದ ಐಪಿಸಿ ಜಾಗದಲ್ಲಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಅದರ 115(2)ರಲ್ಲಿ ಸಾಮಾನ್ಯ ಪೆಟ್ಟಿಗೆ ಹೆಚ್ಚೆಂದರೆ 1 ವರ್ಷ ಜೈಲು, ಇಲ್ಲವೇ 10,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಪೆಟ್ಟು ‘ತೀವ್ರ ಗಾಯ’ ಎಂದು ಸಾಬೀತಾದರೆ 117(2) ಬರುತ್ತದೆ. ಅದಕ್ಕೆ 7 ವರ್ಷದವರೆಗೆ ಜೈಲು, ಮೇಲೆ ದಂಡ. ಯಾವುದು ತೀವ್ರ ಗಾಯ ಎಂಬ ಪಟ್ಟಿ 116ರಲ್ಲಿದೆ. ಒಂದು ಕಿವಿ ಶಾಶ್ವತವಾಗಿ ಕೇಳದಂತಾದರೆ ಅದು ತೀವ್ರ ಗಾಯ. ಮೂಳೆ ಮುರಿದರೂ, ಹಲ್ಲು ಮುರಿದರೂ ತೀವ್ರ ಗಾಯವೇ. ನೋವಿನಿಂದ 15 ದಿನ ದಿನನಿತ್ಯದ ಕೆಲಸ ಮಾಡಲಾಗದಿದ್ದರೂ ಅಷ್ಟೇ. ಹಳೆಯ ಕಾನೂನಿನಲ್ಲಿ ಅದು 20 ದಿನ ಇತ್ತು. ಇದನ್ನೆಲ್ಲ ತೀರ್ಮಾನಿಸುವುದು ಡಾಕ್ಟರ ವೂಂಡ್ ಸರ್ಟಿಫಿಕೇಟ್. ನಿನ್ನ ಬಾಯಿಮಾತಿಗೆ ಅಷ್ಟು ತೂಕ ಇಲ್ಲ.

ಇನ್ನು ‘ಎನ್‌ಸಿ’, ಅಂದರೆ ನಾನ್ ಕಾಗ್ನಿಜಬಲ್, ವಿಷಯ. ಠಾಣೆಯಲ್ಲಿ ಹೇಳಿದ್ದು ಪೂರ್ತಿ ಸುಳ್ಳಲ್ಲ. ಬರೀ 115(2) ಆದರೆ ಪೊಲೀಸರು ಮ್ಯಾಜಿಸ್ಟ್ರೇಟರ ಅಪ್ಪಣೆ ಇಲ್ಲದೆ ತನಿಖೆ ಮಾಡುವಂತಿಲ್ಲ. ಪುಸ್ತಕದಲ್ಲಿ ಬರೆದುಕೊಂಡು ನಿನ್ನನ್ನು ಕೋರ್ಟಿಗೆ ಕಳಿಸುತ್ತಾರೆ. ಆದರೆ ನಿನ್ನ ಪತ್ರದ ಇನ್ನೊಂದು ಸಾಲು ನನ್ನ ಕಣ್ಣಿಗೆ ಬಿತ್ತು. ಸುತ್ತುವರಿದು ಅರ್ಧ ಗಂಟೆ ಬಿಡಲಿಲ್ಲ ಎಂದೆಯಲ್ಲ, ಅದು ಅಕ್ರಮ ತಡೆ. ಸೆಕ್ಷನ್ 126(2). ಶಿಕ್ಷೆ ಸಣ್ಣದು, ಒಂದು ತಿಂಗಳವರೆಗೆ ಸಾದಾ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಆದರೆ ಅದರಲ್ಲಿ ಪೊಲೀಸರು ನೇರವಾಗಿ ಎಫ್‌ಐಆರ್ ಹಾಕಬಹುದು. ತನಿಖೆ, ವಿಚಾರಣೆಯ ಕ್ರಮ ಹೇಳುವ ನಾಗರಿಕ ಸುರಕ್ಷಾ ಸಂಹಿತೆಯ 174ನೇ ಸೆಕ್ಷನ್ ಪ್ರಕಾರ, ಹಲವು ಅಪರಾಧಗಳಲ್ಲಿ ಒಂದು ಹಾಗಿದ್ದರೂ ಇಡೀ ಕೇಸು ಹಾಗೇ ನಡೆಯುತ್ತದೆ. ನೀನು ಠಾಣೆಯಲ್ಲಿ ‘ಕಪಾಳಕ್ಕೆ ಹೊಡೆದ’ ಎಂದಷ್ಟೇ ಹೇಳಿರಬೇಕು. ತಡೆದು ನಿಲ್ಲಿಸಿದ್ದನ್ನು ಬಿಟ್ಟಿದ್ದೀಯ. ಐದು ಅಥವಾ ಹೆಚ್ಚು ಜನ ಒಂದೇ ಕೆಟ್ಟ ಉದ್ದೇಶಕ್ಕೆ ಗುಂಪು ಕಟ್ಟಿ ಕೈ ಮಾಡಿದರೆ ಗಲಭೆಯ ಸೆಕ್ಷನ್ನೂ ಬರುತ್ತದೆ. ಆಗ ಹೊಡೆದವನ ಜೊತೆ ನಿಂತವರೂ ಉತ್ತರ ಕೊಡಬೇಕು.

ದೂರು ಬರೆದು ಕೊಡು. ಯಾರು, ಎಷ್ಟು ಹೊತ್ತಿಗೆ, ಯಾವ ಕೈಯಲ್ಲಿ, ಏನು ಬೈದರು, ಎಲ್ಲ ಬರೆ. ಎಫ್‌ಐಆರ್ ಪ್ರತಿ ಉಚಿತವಾಗಿ ಕೊಡಬೇಕು. ತೆಗೆದುಕೊಳ್ಳದಿದ್ದರೆ ಅದೇ ದೂರನ್ನು ಕೊಪ್ಪಳದ ಎಸ್‌ಪಿ ಅವರಿಗೆ ಅಂಚೆಯಲ್ಲಿ ಕಳಿಸು. ಅಲ್ಲೂ ಆಗಲಿಲ್ಲ ಅಂದರೆ ಮ್ಯಾಜಿಸ್ಟ್ರೇಟರ ಮುಂದೆ ಹೋಗಬಹುದು. ಜಾಸ್ತಿ ದಿನ ಬಿಡಬೇಡ. 115(2)ರ ಕೇಸನ್ನು ಕೋರ್ಟ್ ಗಮನಕ್ಕೆ ತೆಗೆದುಕೊಳ್ಳಲು ಇರುವ ಅವಧಿ 1 ವರ್ಷ ಮಾತ್ರ. ಮ್ಯಾಚಿನ ವಿಡಿಯೋ ಯಾರದೋ ಮೊಬೈಲಿನಲ್ಲಿ ಇದ್ದೇ ಇರುತ್ತದೆ. ವಾಟ್ಸಾಪಿನಲ್ಲಿ ಕುಗ್ಗಿ ಬಂದ ಪ್ರತಿ ನೆಚ್ಚಿಕೊಳ್ಳದೆ, ತೆಗೆದವನನ್ನೇ ಹಿಡಿದು ಮೂಲ ಫೈಲ್ ಕಾಪಾಡಿಸು. ಕೋರ್ಟಿನಲ್ಲಿ ಅದಕ್ಕೆ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ನಿನ ಪ್ರಮಾಣಪತ್ರ ಬೇಕಾಗುತ್ತದೆ.

ಈಗ ರಾಜಿಯ ಮಾತು. ಇದಕ್ಕೆ ನನ್ನ ಎಡಗೈ ಕಿರುಬೆರಳಿನ ಕಥೆ ಹೇಳಬೇಕು.

1999ರ ಬೇಸಿಗೆ. ಸಿರುಗುಪ್ಪ ಕಡೆಯ ಒಂದು ಊರು. ಮೊದಲ ಬಹುಮಾನ 5,001 ರೂಪಾಯಿ, ಎರಡನೆಯದು ಟಗರು. ನಾನು ಸ್ಕ್ವೇರ್ ಲೆಗ್‌ನಲ್ಲಿ ನಿಂತಿದ್ದೆ. ಸಂಜೆ ಸೂರ್ಯ ಕಣ್ಣಿಗೇ ಹೊಡೆಯುತ್ತಿತ್ತು. ಒಬ್ಬನನ್ನು ರನ್ ಔಟ್ ಕೊಟ್ಟೆ. ಅವನು ಆ ಊರಿನ ಅಳಿಯ ಎಂದು ನನಗೆ ಗೊತ್ತಿರಲಿಲ್ಲ. ಹಬ್ಬಕ್ಕೆ ಬಂದ ಅಳಿಯನನ್ನು ಮಾವನ ಊರಿನಲ್ಲಿ ಶೂನ್ಯಕ್ಕೆ ಔಟ್ ಕೊಡುವುದು ಎಂದರೇನು! ‘ಕಣ್ಣು ಕಾಣಂಗಿಲ್ಲೇನು’ ಎನ್ನುತ್ತಾ ಸ್ಟಂಪ್ ಕಿತ್ತುಕೊಂಡು ಬಂದ. ತಲೆಗೆ ಬೀಸಿದ. ಎಡಗೈ ಅಡ್ಡ ಹಿಡಿದೆ. ‘ಟಕ್’ ಎಂಬ ಸದ್ದು ನನಗೇ ಕೇಳಿಸಿತು.

ರಾತ್ರಿ ಆಂಜನೇಯನ ಗುಡಿ ಕಟ್ಟೆಯ ಮೇಲೆ ಹಿರಿಯರು ಸೇರಿದರು. ಅಳಿಯನ ಕೈಯಲ್ಲಿ ನನಗೆ ಶಾಲು ಹೊದಿಸಿದರು, ಹಾರ ಹಾಕಿಸಿದರು, ಕಾಯಿ ಕೊಟ್ಟು ಮೇಲೆ 501 ರೂಪಾಯಿ ಇಟ್ಟರು. ಎಲ್ಲರೂ ಚಪ್ಪಾಳೆ ಹೊಡೆದರು. ನಾನೂ ನಕ್ಕೆ. ಬೆರಳು ಬದನೆಕಾಯಿ ಹಾಗೆ ಊದಿತ್ತು. ಮೂರನೇ ದಿನ ಬಳ್ಳಾರಿಯಲ್ಲಿ ಎಕ್ಸ್‌ರೇ ತೆಗೆಸಿದರೆ ಮೂಳೆ ಎರಡು ಕಡೆ ಮುರಿದಿದೆ. ಆಗಿನ ಐಪಿಸಿಯಲ್ಲೂ ಮೂಳೆ ಮುರಿತ ಎಂದರೆ ತೀವ್ರ ಗಾಯವೇ, 7 ವರ್ಷದ ಸೆಕ್ಷನ್. ವಕೀಲಿಕೆ ಶುರು ಮಾಡಿ ಎರಡು ವರ್ಷವಾಗಿತ್ತು ನನಗೆ. ಅಷ್ಟಾದರೂ ಶಾಲು ಹೊದ್ದುಕೊಂಡು ಬಂದಿದ್ದೆ! ಆಪರೇಷನ್ ಖರ್ಚು ನನ್ನ ಅಪ್ಪನ ಜೇಬಿನಿಂದ ಹೋಯಿತು. ಬೆರಳು ಇವತ್ತಿಗೂ ಪೂರ್ತಿ ಮಡಚುವುದಿಲ್ಲ. ಶಾಲು ಮಾತ್ರ ಗಟ್ಟಿಯಾಗಿದೆ. ನನ್ನ ಹೆಂಡತಿ ಅದನ್ನು ಇಸ್ತ್ರಿ ಮಾಡುವ ಮೇಜಿಗೆ ಹಾಸಿದ್ದಾಳೆ.

ಹಾಗಾಗಿ ರಾಜಿ ಬೇಡ ಎಂದು ನಾನು ಹೇಳುವುದಿಲ್ಲ. ಸಣ್ಣ ಪೆಟ್ಟಿನ ಕೇಸನ್ನು ಪೆಟ್ಟು ತಿಂದವನು ಕಾನೂನಿನ ಪ್ರಕಾರವೇ ರಾಜಿ ಮಾಡಿಕೊಳ್ಳಬಹುದು. ಆದರೆ ಪೆಟ್ಟು ಎಷ್ಟು ಎಂದು ಗೊತ್ತಾಗುವ ಮೊದಲೇ, ಅದೇ ರಾತ್ರಿ, ಹೊಡೆದವನ ಊರಿನ ಕಟ್ಟೆಯಲ್ಲಿ ಕೂತು ಮಾಡಿಕೊಳ್ಳಬೇಡ. ಮೊದಲು ಡಾಕ್ಟರ ಕಾಗದ, ಆಮೇಲೆ ಠಾಣೆಯ ಕಾಗದ. ಶಾಲಿಗೆ ಅವಸರವಿಲ್ಲ. ರಾಜಿ ಆದರೂ ಚಿಕಿತ್ಸೆ ಖರ್ಚು, ಮುಂದಿನ ಖರ್ಚು ಎಲ್ಲ ಅದರಲ್ಲಿ ಬರೆಸು.

ಮುಂದೆ ಯಾರೂ ಕರೆಯುವುದಿಲ್ಲ ಎನ್ನುತ್ತಾರಲ್ಲ, ಎರಡು ತಿಂಗಳು ಕರೆಯದೇ ಇರಬಹುದು. ಅಂಪೈರ್ ಸಿಗದಿದ್ದಾಗ ತಾವೇ ಫೋನ್ ಮಾಡುತ್ತಾರೆ. ನನಗೂ ಮಾಡಿದರು.

ಪ್ರಶ್ನೆ: ನಾನು ಸರ್ಕಾರಿ ಪ್ರೌಢಶಾಲೆಯ ದೈಹಿಕ ಶಿಕ್ಷಕ. ತಾಲ್ಲೂಕು ಮಟ್ಟದ ಶಾಲಾ ಕ್ರೀಡಾಕೂಟದಲ್ಲಿ ಕಬಡ್ಡಿಗೆ ರೆಫರಿ ಆಗಿದ್ದೆ. ಬೋನಸ್ ಪಾಯಿಂಟ್ ಕೊಡಲಿಲ್ಲ ಎಂದು ಒಬ್ಬ ಹುಡುಗನ ತಂದೆ ಅಂಕಣದೊಳಗೆ ನುಗ್ಗಿ ಕಾಲರ್ ಹಿಡಿದು ಅಂಗಿ ಹರಿದ. ಗಾಯ ಆಗಿಲ್ಲ. ಮುಖ್ಯಶಿಕ್ಷಕರು ‘ಸುಮ್ಮನಿದ್ದುಬಿಡಿ’ ಎನ್ನುತ್ತಾರೆ. ಗಾಯವೇ ಇಲ್ಲದೆ ಕೇಸ್ ಆಗುತ್ತದೆಯೇ?
— ದೈಹಿಕ ಶಿಕ್ಷಕ, ಮಾನ್ವಿ ತಾಲ್ಲೂಕು

ಆಗುತ್ತದೆ ಸರ್. ಕಾರಟಗಿಯ ಹುಡುಗನದಕ್ಕಿಂತ ಗಟ್ಟಿ ಕೇಸೇ ಆಗುತ್ತದೆ. ಈ ವ್ಯತ್ಯಾಸ ನಮ್ಮ ಜನರಿಗೆ ಗೊತ್ತಿಲ್ಲ. ಗೊತ್ತಿದ್ದರೆ ಆ ತಂದೆ ಗೆರೆ ದಾಟುತ್ತಿರಲಿಲ್ಲ.

ನೀವು ಸರ್ಕಾರಿ ನೌಕರರು. ಇಲಾಖೆಯ ಆದೇಶದ ಮೇಲೆ ಆ ದಿನ ಅಲ್ಲಿ ಸೀಟಿ ಹಿಡಿದಿದ್ದಿರಿ. ಅಂದರೆ ಅಂಕಣದಲ್ಲಿ ನಿಂತದ್ದು ಡ್ಯೂಟಿ. ಡ್ಯೂಟಿಯಲ್ಲಿರುವ ಸರ್ಕಾರಿ ನೌಕರನನ್ನು ತಡೆಯಲು ಬಲ ಪ್ರಯೋಗಿಸಿದರೆ ನ್ಯಾಯ ಸಂಹಿತೆಯ 132. ಶಿಕ್ಷೆ 2 ವರ್ಷದವರೆಗೆ ಜೈಲು, ಅಥವಾ ದಂಡ, ಅಥವಾ ಎರಡೂ. ಗಾಯ ಬೇಕಿಲ್ಲ, ಕಾಲರ್ ಹಿಡಿದದ್ದೇ ಸಾಕು. ಪೊಲೀಸರು ನೇರವಾಗಿ ಎಫ್‌ಐಆರ್ ಹಾಕಬಹುದು. ಠಾಣೆಯಲ್ಲೇ ಜಾಮೀನು ಹಕ್ಕಾಗಿ ಸಿಗುವುದಿಲ್ಲ. ಅದೇ ಜಾಗದಲ್ಲಿ ಗಾಯವೂ ಆಗಿದ್ದರೆ 121 ಬರುತ್ತದೆ. ಸಾಮಾನ್ಯ ಗಾಯಕ್ಕೆ 5 ವರ್ಷದವರೆಗೆ. ತೀವ್ರ ಗಾಯವಾದರೆ ಕನಿಷ್ಠವೇ 1 ವರ್ಷ, ಹೆಚ್ಚೆಂದರೆ 10 ವರ್ಷ.

ಇದೇ ಕಾಲರನ್ನು ಭಾನುವಾರ ಯಾವುದೋ ಯುವಕ ಸಂಘದ ಟೂರ್ನಮೆಂಟಿನಲ್ಲಿ ಹಿಡಿದಿದ್ದರೆ? ಆಗ ನೀವು ಸಂಭಾವನೆಗೆ ಹೋದ ರೆಫರಿ ಅಷ್ಟೇ. 131ನೇ ಸೆಕ್ಷನ್, 3 ತಿಂಗಳವರೆಗೆ ಜೈಲು ಅಥವಾ 1,000 ರೂಪಾಯಿವರೆಗೆ ದಂಡ. ಒಂದೇ ಮನುಷ್ಯ, ಒಂದೇ ಕಾಲರ್, ಒಂದೇ ಸೀಟಿ. ಇದು ನನಗೆ ಅಷ್ಟು ಸರಿ ಕಾಣುವುದಿಲ್ಲ, ಆದರೆ ಇರುವ ಕಾನೂನು ಇದು. ಹಾಗಾಗಿ ನಿಮ್ಮನ್ನು ಆ ಕೂಟಕ್ಕೆ ನಿಯೋಜಿಸಿದ ಆದೇಶದ ಪ್ರತಿಯನ್ನು ಜೋಪಾನ ಮಾಡಿ. ಹರಿದ ಅಂಗಿಯನ್ನು ಹೊಲಿಸಬೇಡಿ, ಒಗೆಸಬೇಡಿ. ಅದು ವಸ್ತುಸಾಕ್ಷ್ಯ.

ಇನ್ನೊಂದು ವಿಷಯ. 132ನ್ನು ನೀವು, ಅವರು ಕೂತು ರಾಜಿ ಮಾಡಿಕೊಳ್ಳಲು ಬರುವುದಿಲ್ಲ. ಆಮೇಲೆ ಮನಸ್ಸು ಕರಗಿದರೆ ಕೇಸು ರದ್ದು ಮಾಡಿಸಲು ಹೈಕೋರ್ಟಿಗೇ ಹೋಗಬೇಕು. ರಾಯಚೂರಿನವರಿಗೆ ಕಲಬುರಗಿ ಪೀಠ, ನಮ್ಮ ಬಳ್ಳಾರಿ ಮತ್ತು ಕೊಪ್ಪಳದವರಿಗೆ ಧಾರವಾಡ ಪೀಠ. ಬಸ್ ಚಾರ್ಜು, ವಕೀಲರ ಫೀಸು, ವಾಯಿದೆ ಮೇಲೆ ವಾಯಿದೆ. ಆ ತಂದೆಯ ಮಗ ನಾಳೆಯೂ ನಿಮ್ಮ ಕೂಟಗಳಿಗೇ ಬರಬೇಕಲ್ಲ. ದೂರು ಕೊಡುವ ಮೊದಲು ಒಂದು ರಾತ್ರಿ ಯೋಚಿಸಿ, ಒಂದೇ ರಾತ್ರಿ. ಮುಖ್ಯಶಿಕ್ಷಕರ ಮಾತಿಗೆ ಮಣಿದು ಸುಮ್ನೆ ಇರುವುದಾದರೂ, ನಡೆದದ್ದನ್ನು ಬರೆದು ಇಲಾಖೆಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಅದೇ ಮನುಷ್ಯ ಮುಂದಿನ ವರ್ಷ ಇನ್ನೊಬ್ಬ ಶಿಕ್ಷಕರ ಹತ್ತಿರ ಬಂದಾಗ ಆ ಕಾಗದ ಮಾತಾಡುತ್ತದೆ.

ಪ್ರಶ್ನೆ: ನನ್ನ ಮಗನಿಗೆ 17 ವರ್ಷ 4 ತಿಂಗಳು. ವಾಲಿಬಾಲ್ ಆಡುತ್ತಾನೆ. ರೆಫರಿಯನ್ನು ಸ್ಟ್ಯಾಂಡಿನಿಂದ ಎಳೆದು ಕೆಡವಿದನಂತೆ. ಅವರಿಗೆ ಮಂಡಿ ತರಚಿದೆ. ಪೊಲೀಸರು ಬಂದು ಹೋದರು. ಪೊಲೀಸ್ ಕಾನ್‌ಸ್ಟೆಬಲ್ ಆಗಬೇಕೆಂದು ದಿನಾ ಓಡುವ ಹುಡುಗ. ಅವನ ಭವಿಷ್ಯ ಹಾಳಾಯಿತೇ?
— ಒಬ್ಬ ತಾಯಿ, ಕೌಲ್‌ಬಜಾರ್, ಬಳ್ಳಾರಿ

ಹಾಳಾಗಿಲ್ಲ ತಾಯಿ. ಸ್ವಲ್ಪದರಲ್ಲಿ ಉಳಿದುಕೊಂಡಿದೆ. ಎಂಟು ತಿಂಗಳ ಅಂತರ ಅಷ್ಟೇ.

18 ತುಂಬದವರಿಗೆ ಬಾಲನ್ಯಾಯ ಕಾಯ್ದೆ ಅನ್ವಯಿಸುತ್ತದೆ. ಇಂಥ ಸಣ್ಣ ಅಪರಾಧವನ್ನು ಹುಡುಗ ಒಬ್ಬನೇ ಮಾಡಿದ್ದರೆ ಸಾಮಾನ್ಯವಾಗಿ ಎಫ್‌ಐಆರ್ ಹಾಕುವುದಿಲ್ಲ. ಠಾಣೆಯ ದಿನಚರಿಯಲ್ಲಿ ಬರೆದು, ಹುಡುಗನ ಮನೆ, ಓದು, ಹಿನ್ನೆಲೆಯ ವರದಿಯೊಂದಿಗೆ ಬಾಲನ್ಯಾಯ ಮಂಡಳಿಗೆ ಕಳಿಸುತ್ತಾರೆ. ಲಾಕಪ್ಪಿಗೆ ಹಾಕುವಂತಿಲ್ಲ. ಮಂಡಳಿ ಬುದ್ಧಿ ಹೇಳಿ ಕಳಿಸಬಹುದು, ಸಮುದಾಯ ಸೇವೆ ಮಾಡಿಸಬಹುದು, ನಿಮ್ಮಿಂದ ದಂಡ ಕಟ್ಟಿಸಬಹುದು. ಇದರಿಂದ ಮುಂದೆ ಅನರ್ಹತೆ ಅಂಟಿಕೊಳ್ಳಬಾರದು ಎಂದು ಆ ಕಾಯ್ದೆಯ 24ನೇ ಸೆಕ್ಷನ್ನೇ ಹೇಳುತ್ತದೆ. ವಕೀಲರಿಗೆ ಕೊಡಲು ಹಣ ಇಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಹೆಂಗಸರಿಗೆ, ಮಕ್ಕಳಿಗೆ ಅಲ್ಲಿ ಉಚಿತ ನೆರವಿದೆ. ಫೋನ್ 15100.

ಇದೇ ಕೆಲಸವನ್ನು ಅವನು ಎಂಟು ತಿಂಗಳು ಬಿಟ್ಟು ಮಾಡಿದ್ದರೆ ಉತ್ತರ ಬೇರೆಯೇ ಇರುತ್ತಿತ್ತು. ಸರ್ಕಾರಿ ಕೆಲಸದ ಫಾರಮ್ಮಿನಲ್ಲಿ ‘ನಿಮ್ಮ ಮೇಲೆ ಯಾವುದಾದರೂ ಕ್ರಿಮಿನಲ್ ಪ್ರಕರಣ ಇದೆಯೇ’ ಎಂಬ ಕಾಲಂ ಇರುತ್ತದೆ. ನನ್ನ ಹತ್ತಿರ ಬರುವ ಹುಡುಗರು ಬಹಳ ಮಂದಿ ‘ಇಲ್ಲ’ ಎಂದು ಬರೆದು ಸಿಕ್ಕಿಬಿದ್ದವರು. 2016ರಲ್ಲಿ ಅವತಾರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿದೆ. ಚಿಕ್ಕ ವಯಸ್ಸಿನ ಕ್ಷುಲ್ಲಕ ತಪ್ಪನ್ನು ಇಲಾಖೆ ಮನ್ನಿಸಬಹುದು. ಆದರೆ ಮುಚ್ಚಿಟ್ಟದ್ದೇ ಕೆಲಸ ಕಳೆಯಲು ಕಾರಣ ಆಗಬಹುದು. ಕಪಾಳಕ್ಕೆ ಹೊಡೆದ ತಪ್ಪಿಗಿಂತ ಫಾರಮ್ಮಿನ ಸುಳ್ಳೇ ಎಷ್ಟೋ ಸಲ ದುಬಾರಿ.

ನಾನು ನಿಮ್ಮ ಜಾಗದಲ್ಲಿದ್ದರೆ ಮಗನನ್ನು ಕರೆದುಕೊಂಡು ಆ ರೆಫರಿಯ ಮನೆಗೆ ಹೋಗುತ್ತಿದ್ದೆ. ಶಾಲು ಬೇಡ. ಮಂಡಿಗೆ ಹಚ್ಚಿದ ಔಷಧಿಯ ಚೀಟಿ ಕೇಳಿ, ದುಡ್ಡು ಕೊಡಿ. ಮಾತು ಹುಡುಗನೇ ಆಡಲಿ, ನೀವು ಆಡಬೇಡಿ.

ಪ್ರಶ್ನೆ: ಅಂಪೈರ್ ಎದುರಾಳಿ ಕ್ಯಾಪ್ಟನ್ ಜೊತೆ ಒಗ್ಗರಣಿ ಮಿರ್ಚಿ ತಿಂದು ಬಂದು ನಮಗೆ ಮೂರು ಎಲ್‌ಬಿ ಕೊಟ್ಟ. ಕಣ್ಣೆದುರೇ ಮೋಸ. ರೊಚ್ಚಿಗೆದ್ದು ಒಂದೇಟು ಕೊಟ್ಟರೆ ನಾವೇ ಅಪರಾಧಿಗಳು. ಇದ್ಯಾವ ನ್ಯಾಯ?
— ನೊಂದ ಬ್ಯಾಟ್ಸ್‌ಮನ್, ಸಿಂಧನೂರು

ನಿಮ್ಮ ಸಿಟ್ಟು ಅರ್ಥವಾಗುತ್ತದೆ. ಮೂರು ಎಲ್‌ಬಿ ಜಾಸ್ತಿಯೇ ಆಯಿತು.

ಆದರೆ ಕೇಳಿ. ಬೌಲರ್ ಎಸೆದ ಚೆಂಡು ನಿಮ್ಮ ದವಡೆಗೆ ಬಿದ್ದರೆ ಕೇಸ್ ಆಗುವುದಿಲ್ಲ. ಯಾಕೆ? ಆಟಕ್ಕೆ ಇಳಿದಾಗಲೇ ಅಂಥ ಪೆಟ್ಟಿಗೆ ನೀವು ಒಪ್ಪಿದ್ದೀರಿ. ನ್ಯಾಯ ಸಂಹಿತೆಯ 25ನೇ ಸೆಕ್ಷನ್ ಇದು. 18 ದಾಟಿದವರು ಒಪ್ಪಿ ಆಡಿದಾಗ, ಸಾವು ಅಥವಾ ತೀವ್ರ ಗಾಯದ ಉದ್ದೇಶವಿಲ್ಲದೆ ಆದ ಪೆಟ್ಟು ಅಪರಾಧವಲ್ಲ. ಇಬ್ಬರು ಮನರಂಜನೆಗೆ ಕತ್ತಿವರಸೆ ಆಡುವ ಉದಾಹರಣೆಯನ್ನೂ ಅಲ್ಲಿ ಕೊಟ್ಟಿದ್ದಾರೆ. ಆಟ ಮೋಸ ಇಲ್ಲದೆ ನಡೆಯಬೇಕು ಎಂಬ ಷರತ್ತೂ ಇದೆ. ಅಂಪೈರ್ ಯಾವ ಪೆಟ್ಟಿಗೆ ಒಪ್ಪಿದ್ದಾನೆ? ಅಕಸ್ಮಾತ್ ಚೆಂಡು ತಾಗಬಹುದು ಎಂಬುದಕ್ಕೆ ಒಪ್ಪಿರಬಹುದು. ನಿಮ್ಮ ಕೈಗೆ ಒಪ್ಪಿಲ್ಲ. ಅವನು ಆ ಮೈದಾನದಲ್ಲಿ ಕೈ ಕಟ್ಟಿ ನಿಂತವನು. ಕೈಯಲ್ಲಿ ಬ್ಯಾಟೂ ಇಲ್ಲ, ಜೊತೆಗೆ ಹನ್ನೊಂದು ಜನರೂ ಇಲ್ಲ.

‘ರೊಚ್ಚಿಗೆದ್ದೆ’ ಎಂಬುದು ಶಿಕ್ಷೆ ಕಡಿಮೆ ಮಾಡುವ ವಾದ ಆಗಬೇಕಾದರೆ ಆ ಪ್ರಚೋದನೆ ಗಂಭೀರವೂ ಹಠಾತ್ತೂ ಆಗಿರಬೇಕು. ಎಲ್‌ಬಿ ಕೊಟ್ಟದ್ದನ್ನು ಗಂಭೀರ ಪ್ರಚೋದನೆ ಎಂದು ಯಾವ ಮ್ಯಾಜಿಸ್ಟ್ರೇಟರ ಮುಂದೆಯೂ ವಾದಿಸುವ ಧೈರ್ಯ ನನಗಿಲ್ಲ. ಒಬ್ಬ ಕಕ್ಷಿದಾರ ನನ್ನ ಹತ್ತಿರ ‘ಬಿಸಿಲು ತಲೆಗೇರಿತ್ತು ಅಂತ ಬರೀರಿ ಸರ್’ ಎಂದ. ಬಳ್ಳಾರಿ ಬಿಸಿಲು ವಿನಾಯಿತಿ ಆದರೆ ನಮ್ಮ ಜಿಲ್ಲೆಯಲ್ಲಿ ಒಂಬತ್ತು ತಿಂಗಳು ಕೋರ್ಟೇ ಮುಚ್ಚಬೇಕಾಗುತ್ತದೆ.

ಇನ್ನೊಂದು ಗುಟ್ಟು ಹೇಳುತ್ತೇನೆ. ಸಿರುಗುಪ್ಪದ ಆ ಅಳಿಯ ಔಟ್ ಆಗಿರಲಿಲ್ಲ. ಬ್ಯಾಟು ಗೆರೆಯೊಳಗಿತ್ತು ಎಂದು ಆಮೇಲೆ ಮೂರ್ನಾಲ್ಕು ಜನ ಹೇಳಿದರು. ಸೂರ್ಯನ ಎದುರು ನನಗೆ ಕಂಡಿರಲಿಲ್ಲ. ನನ್ನ ತೀರ್ಪು ತಪ್ಪು. ಬೆರಳು ಮುರಿದದ್ದೂ ತಪ್ಪು. ಒಂದರಿಂದ ಇನ್ನೊಂದು ವಜಾ ಆಗುವುದಿಲ್ಲ.

ಅಂಪೈರ್ ದುಡ್ಡು ತಿಂದಿದ್ದಾನೆ ಎಂಬುದಕ್ಕೆ ಆಧಾರ ಇದ್ದರೆ ಆಯೋಜಕರಿಗೆ ಬರೆದು ಕೊಡಿ, ಅವನನ್ನು ಬದಲಿಸಲು ಕೇಳಿ, ಆಡದೆ ಹೊರಬನ್ನಿ. ಮಿರ್ಚಿ ಒಂದೇ ಆಧಾರವಾದರೆ ಬಿಟ್ಟುಬಿಡಿ. ಸಿಂಧನೂರಿನಲ್ಲಿ ಸಂಜೆ ಆರಕ್ಕೆ ಮಿರ್ಚಿ ತಿನ್ನದವರು ಯಾರಿದ್ದಾರೆ?

ಪ್ರಶ್ನೆ: ಇದು ನಮ್ಮ ಹಳ್ಳಿಗಳ ಅನಾಗರಿಕತೆಯೇ ಅಥವಾ ಹೊರಗೂ ಹೀಗೇ ಇದೆಯೇ? ಅಂಪೈರ್‌ಗಳಿಗೆಂದೇ ಪ್ರತ್ಯೇಕ ಕಾನೂನು ಎಲ್ಲಾದರೂ ಇದೆಯೇ?
— ನಿವೃತ್ತ ಉಪನ್ಯಾಸಕ, ಕುಷ್ಟಗಿ

ಹಳ್ಳಿಯ ಮೇಲೆ ಹೊರಿಸಬೇಡಿ ಸರ್. 2023ರ ಡಿಸೆಂಬರ್ 11ರಂದು ಟರ್ಕಿಯ ಅತಿ ದೊಡ್ಡ ಫುಟ್‌ಬಾಲ್ ಲೀಗ್‌ನಲ್ಲಿ ಅಂಕಾರಾಗುಜು ತಂಡದ ಅಧ್ಯಕ್ಷರೇ ಮೈದಾನಕ್ಕೆ ಇಳಿದು ರೆಫರಿ ಹಲೀಲ್ ಉಮುತ್ ಮೆಲೆರ್ ಮುಖಕ್ಕೆ ಗುದ್ದಿದರು. ಬಿದ್ದವರನ್ನು ಇತರರು ಒದ್ದರು. ಪಂದ್ಯ 1-1 ಡ್ರಾ ಆಗಿತ್ತು, ಸೋತೂ ಇರಲಿಲ್ಲ. ಆ ದೇಶ ಲೀಗ್ ಪಂದ್ಯಗಳನ್ನೇ ಕೆಲವು ದಿನ ನಿಲ್ಲಿಸಿತು. ಅಧ್ಯಕ್ಷರಿಗೆ ಫುಟ್‌ಬಾಲ್‌ನಿಂದ ಶಾಶ್ವತ ನಿಷೇಧ. ಮುಂದಿನ ವರ್ಷ ಕೋರ್ಟ್ ಮೂರೂವರೆ ವರ್ಷಕ್ಕೂ ಹೆಚ್ಚಿನ ಜೈಲು ಶಿಕ್ಷೆ ವಿಧಿಸಿತು. ಮೆಲೆರ್ ಮತ್ತೆ ಸೀಟಿ ಹಿಡಿದು 2024ರ ಯುರೋ ಕಪ್‌ನಲ್ಲೂ ರೆಫರಿ ಆದರು. ಈ ಕೊನೆಯ ಸಾಲು ನನಗೆ ಬಹಳ ಇಷ್ಟ.

ಇದಕ್ಕಿಂತ ಕೆಟ್ಟದ್ದೂ ಆಗಿದೆ. 2012ರ ಡಿಸೆಂಬರ್‌ನಲ್ಲಿ ನೆದರ್‌ಲ್ಯಾಂಡ್ಸ್‌ನ ಆಲ್ಮೆರೆಯಲ್ಲಿ ಮಗನ ತಂಡದ ಪಂದ್ಯಕ್ಕೆ ಗೆರೆ ಕಾಯುತ್ತಿದ್ದ ತಂದೆಯೊಬ್ಬರನ್ನು ಎದುರಾಳಿ ಹುಡುಗರು ಒದ್ದರು. ಮರುದಿನ ಅವರು ತೀರಿಕೊಂಡರು. ಶಿಕ್ಷೆಯಾದವರಲ್ಲಿ ಹದಿಹರೆಯದ ಆಟಗಾರರ ಜೊತೆ ಒಬ್ಬ ಹುಡುಗನ ತಂದೆಯೂ ಇದ್ದರು. ಅವರಿಗೆ 6 ವರ್ಷ. ಅಮೆರಿಕದ ಯೂಟಾದಲ್ಲಿ 2013ರಲ್ಲಿ ಹಳದಿ ಕಾರ್ಡ್ ತೋರಿಸಿದ ರೆಫರಿಗೆ 17ರ ಗೋಲ್‌ಕೀಪರ್ ಒಂದೇ ಒಂದು ಗುದ್ದು ಕೊಟ್ಟ. ವಾರದ ನಂತರ ರೆಫರಿ ಸತ್ತರು. ನಮ್ಮ ಒಡಿಶಾದಲ್ಲಿ, ಕಟಕ್ ಜಿಲ್ಲೆಯ ಹಳ್ಳಿಯೊಂದರಲ್ಲಿ, 2023ರ ಏಪ್ರಿಲ್‌ನಲ್ಲಿ ನೋ ಬಾಲ್ ಜಗಳ 22ರ ಹರೆಯದ ಅಂಪೈರ್‌ನ ಕೊಲೆಯಲ್ಲಿ ಮುಗಿಯಿತು. ಕಾರಟಗಿಯ ಹುಡುಗನ ಪತ್ರ ಓದುವಾಗ ನನಗೆ ಇದೇ ನೆನಪಾದದ್ದು. ಅದೂ ನೋ ಬಾಲೇ.

ಕ್ರೀಡಾಸಂಸ್ಥೆಗಳ ಶಿಕ್ಷೆ ಬೇರೆ, ಕೋರ್ಟಿನದು ಬೇರೆ. ಒಂದು ಆಯಿತೆಂದು ಇನ್ನೊಂದು ತಪ್ಪುವುದಿಲ್ಲ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ರೆಫರಿಯ ಮುಖಕ್ಕೆ ಒದ್ದ ಕ್ಯೂಬಾದ ಟೇಕ್ವಾಂಡೋ ಪಟು ಆಂಜೆಲ್ ಮಾಟೋಸ್‌ಗೆ ಆಜೀವ ನಿಷೇಧ ಹಾಕಿದರು. 2022ರ ಮೇನಲ್ಲಿ ದೆಹಲಿಯಲ್ಲಿ ಕಾಮನ್‌ವೆಲ್ತ್ ಆಯ್ಕೆ ಕುಸ್ತಿಯ 125 ಕೆ.ಜಿ. ಫೈನಲ್ ಸೋತ ಸತೇಂದರ್ ಮಲಿಕ್ ರೆಫರಿ ಮೇಲೆ ಕೈ ಮಾಡಿದಾಗ ಕುಸ್ತಿ ಫೆಡರೇಷನ್ ಕೂಡ ಆಜೀವ ನಿಷೇಧವನ್ನೇ ಘೋಷಿಸಿತು.

ಪ್ರತ್ಯೇಕ ಕಾನೂನು ಅಮೆರಿಕದ ಹಲವು ರಾಜ್ಯಗಳಲ್ಲಿದೆ. ಕ್ಯಾಲಿಫೋರ್ನಿಯಾದ ದಂಡಸಂಹಿತೆಯಲ್ಲಿ ಕ್ರೀಡಾಧಿಕಾರಿಯ ಮೇಲಿನ ಹಲ್ಲೆಗೆಂದೇ ಒಂದು ಸೆಕ್ಷನ್ ಇದೆ. 1 ವರ್ಷದವರೆಗೆ ಜೈಲು, 2,000 ಡಾಲರ್‌ವರೆಗೆ ದಂಡ. ನಮ್ಮ ನ್ಯಾಯ ಸಂಹಿತೆಯಲ್ಲಿ ‘ಅಂಪೈರ್’ ಎಂಬ ಪದಕ್ಕೆ ಅಂಥ ಜಾಗ ಇಲ್ಲ. ಬೇಕೇ? ನನಗೆ ಅನುಮಾನ. ಇರುವ ಸೆಕ್ಷನ್ನುಗಳನ್ನೇ ನಾವು ಗುಡಿ ಕಟ್ಟೆಯ ಮೇಲೆ ಬಿಟ್ಟು ಬರುತ್ತೇವೆ.

ಪ್ರಶ್ನೆ: ಹೊಡೆಯಲು ಬಂದರೆ ಅಂಪೈರ್ ತಿರುಗಿ ಹೊಡೆಯಬಹುದೇ?
— ಅಂಪೈರ್, ಕಂಪ್ಲಿ

ತಪ್ಪಿಸಿಕೊಳ್ಳಲು ಬೇಕಾದಷ್ಟು ಹೊಡೆಯಬಹುದು. ಅದು ಆತ್ಮರಕ್ಷಣೆಯ ಹಕ್ಕು. ಅವನು ಓಡುವಾಗ ಬೆನ್ನಟ್ಟಿ ಹೊಡೆದರೆ ಕೇಸು ನಿಮ್ಮ ಮೇಲೆ. ಅದಕ್ಕಿಂತ 112ಕ್ಕೆ ಫೋನ್ ಮಾಡಿ.

ಕ್ರಿಕೆಟ್ ನಿಯಮವೂ ನಿಮಗೆ ಬಲ ಕೊಡುತ್ತದೆ. 2017ರ ಅಕ್ಟೋಬರ್‌ನಿಂದ 42ನೇ ನಿಯಮದಲ್ಲಿ, ಅಂಪೈರ್‌ಗೆ ಹೊಡೆದರೆ ಮಾತ್ರವಲ್ಲ, ಹೊಡೆಯುತ್ತೇನೆ ಎಂದು ಬೆದರಿಸಿದರೂ ಆ ಆಟಗಾರ ಪಂದ್ಯದಿಂದಲೇ ಹೊರಗೆ. ಎದುರು ತಂಡಕ್ಕೆ 5 ರನ್. ನಮ್ಮ ಗದ್ದೆ ಟೂರ್ನಮೆಂಟುಗಳಲ್ಲಿ ಇದನ್ನು ಬಳಸಿದ್ದನ್ನು ನಾನು ನೋಡಿಯೇ ಇಲ್ಲ. ಟಾಸ್ ಹಾಕುವಾಗಲೇ ಇಬ್ಬರು ಕ್ಯಾಪ್ಟನ್‌ಗಳಿಗೂ ಇದನ್ನು ಓದಿ ಹೇಳಿ.

ನಿಮ್ಮ ಪತ್ರದ ಕೊನೆಯಲ್ಲಿ ‘ಜಾತಿ ಹೆಸರೆತ್ತಿ ಬೈದರು’ ಎಂದು ಸಣ್ಣಕ್ಷರದಲ್ಲಿ ಬರೆದಿದ್ದೀರಿ. ಅದು ಸಣ್ಣ ವಿಷಯವಲ್ಲ. ನೀವು ಪರಿಶಿಷ್ಟ ಜಾತಿ ಅಥವಾ ಪಂಗಡದವರಾಗಿದ್ದು, ಬೈದವರು ಅಲ್ಲದಿದ್ದರೆ, ನಾಲ್ಕು ಜನರ ಎದುರು ಹಾಗೆ ಬೈದದ್ದಕ್ಕೆ ದೌರ್ಜನ್ಯ ತಡೆ ಕಾಯ್ದೆಯಲ್ಲಿ 6 ತಿಂಗಳಿಂದ 5 ವರ್ಷದವರೆಗೆ ಜೈಲು ಇದೆ. ದೂರಿನಲ್ಲಿ ಅದೇ ಮೊದಲ ಸಾಲು ಆಗಲಿ. ಯಾರು ಕೇಳಿಸಿಕೊಂಡರು ಎಂಬುದನ್ನೂ ಬರೆಯಿರಿ.

ಪ್ರಶ್ನೆ: ನಾನು ಪಿಯುಸಿ ಓದುತ್ತಿದ್ದೇನೆ. ಜಿಲ್ಲಾ ಮಟ್ಟದಲ್ಲಿ ಕಬಡ್ಡಿ ಆಡಿದ್ದೇನೆ. ಮುಂದೆ ರೆಫರಿ ಆಗುವ ಆಸೆ. ‘ಗಂಡಸರಿಗೇ ಹೊಡೀತಾರ, ನಿನ್ನ ಬಿಡ್ತಾರೇನು’ ಎಂದು ಅಪ್ಪ ಬೇಡ ಅನ್ನುತ್ತಾರೆ. ನಿಮ್ಮ ಸಲಹೆ?
— ವಿದ್ಯಾರ್ಥಿನಿ, ಸಂಡೂರು

ಅಪ್ಪನ ಹೆದರಿಕೆ ಸುಳ್ಳಲ್ಲ. ಈ ಪುಟ ತುಂಬಾ ಅದೇ ತುಂಬಿದೆ. ಅವರಿಗೆ ಇದನ್ನು ಓದಲು ಕೊಡು, ಮುಚ್ಚಿಡಬೇಡ.

ಆಮೇಲೆ ಅವರನ್ನು ಒಂದು ಒಳ್ಳೆಯ ಕೂಟಕ್ಕೆ ಕರೆದುಕೊಂಡು ಹೋಗಿ ಪಕ್ಕದಲ್ಲಿ ಕೂರಿಸಿಕೋ. ರೆಫರಿ ಹಸಿರು ಕಾರ್ಡ್ ಎತ್ತಿದರೆ ಎಚ್ಚರಿಕೆ, ಹಳದಿಗೆ 2 ನಿಮಿಷ ಹೊರಗೆ, ಕೆಂಪಿಗೆ ಪಂದ್ಯದಿಂದಲೇ ಹೊರಗೆ. ತೊಡೆ ತಟ್ಟಿ ಬಂದ ಆಳು ಒಂದು ತುಂಡು ರಟ್ಟು ನೋಡಿ ತಲೆ ತಗ್ಗಿಸಿ ಹೋಗುವುದನ್ನು ನಿಮ್ಮಪ್ಪ ಕಣ್ಣಾರೆ ನೋಡಲಿ. ನಾನು ನೋಡಿದ ಮಟ್ಟಿಗೆ, ಸೀಟಿ ತಡವರಿಸಿದಾಗ ಜನ ನುಗ್ಗುತ್ತಾರೆ. ಗಟ್ಟಿಯಾಗಿ ಒಂದೇ ಸಲ ಊದಿ, ಕೈ ನೇರ ಎತ್ತಿ, ಆಟಗಾರನ ಮುಖ ನೋಡದೆ ಸ್ಕೋರರ್ ಕಡೆ ತಿರುಗಿದರೆ ಅರ್ಧ ಜಗಳ ಅಲ್ಲೇ ಸಾಯುತ್ತದೆ.

ಮೊದಲ ಎರಡು ವರ್ಷ ಸ್ಕೋರರ್ ಆಗು, ಆಮೇಲೆ ಗೆರೆ ಕಾಯುವ ಕೆಲಸ. ಒಬ್ಬಳೇ ಹೋಗಬೇಡ, ಇಬ್ಬರು ರೆಫರಿಗಳಿರುವ ಕೂಟಕ್ಕೆ ಹೋಗು. ಹೊರಡುವ ಬಸ್ಸಿನ ಸಮಯ ಮೊದಲೇ ಕೇಳಿಕೋ. ಫೈನಲ್ ರಾತ್ರಿ ಹತ್ತಕ್ಕೆ ಎಂದರೆ, ಇಳಿದುಕೊಳ್ಳುವ ಜಾಗ ಮತ್ತು ಸಂಭಾವನೆ ಎರಡನ್ನೂ ಪಂದ್ಯದ ಮೊದಲೇ ಪಕ್ಕಾ ಮಾಡಿಕೋ. ಫೈನಲ್ ಮುಗಿದ ಮೇಲೆ ಆಯೋಜಕರು ಯಾರಿಗೂ ಸಿಗುವುದಿಲ್ಲ.

ಸೀಟಿ ಕೊಳ್ಳುವಾಗ ಒಳಗೆ ಗುಂಡು ಇಲ್ಲದ್ದನ್ನೇ ಕೇಳಿ ತೆಗೆದುಕೋ. ಸಂಡೂರಿನ ಕೆಂಪು ಧೂಳು ಹೊಕ್ಕರೆ ಗುಂಡಿನ ಸೀಟಿ ಸರಿಯಾದ ಹೊತ್ತಿಗೆ ಕೈಕೊಡುತ್ತದೆ.